ಪ್ರತಿಕ್ರಿಯೆ: 300 ಪಿಎಸ್ ಬೇಕಾದರೆ ಟರ್ಬೊಗಿಂತ ಮೊದಲು ಗೇರ್‌ಬಾಕ್ಸ್

ಪುಣೆಯ ನಿಮ್ಮ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ ಡಿಎಸ್‌ಜಿಗೆ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಪೆಟ್ರೋಲ್ ಕಾರು) ಐಎಸ್20 ಟರ್ಬೊ ಹಾಕಲೋ ಅದಕ್ಕಿಂತ ದೊಡ್ಡ ಐಎಸ್38 ಹಾಕಲೋ, ಗುರಿ 300 ಪಿಎಸ್ (ಅಶ್ವಶಕ್ತಿ) ಎಂದು ಕೇಳಿದ್ದೀರಿ. ಟರ್ಬೊ ಎಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಭಾಗ.

ಮೊದಲು ಲೆಕ್ಕ. 300 ಪಿಎಸ್‌ಗೆ ನಿಮಿಷಕ್ಕೆ ಸುಮಾರು 13.5 ಕೆಜಿ ಗಾಳಿ ಬೇಕು. 1.8 ಲೀಟರ್ ಎಂಜಿನ್ 6500 ಆರ್‌ಪಿಎಂನಲ್ಲಿ ಅಷ್ಟು ನುಂಗಬೇಕಾದರೆ, ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ಭಾಗ) ದಾಟಿದ ಗಾಳಿ 45 ಡಿಗ್ರಿಯಲ್ಲಿದ್ದರೂ ಮ್ಯಾನಿಫೋಲ್ಡ್‌ನಲ್ಲಿ (ಎಂಜಿನ್‌ಗೆ ಗಾಳಿ ಹಂಚುವ ಕೊಳವೆ) 1.25–1.3 ಬಾರ್ ಬೂಸ್ಟ್, ಅಂದರೆ ಹೊರಗಿನದಕ್ಕಿಂತ ಅಷ್ಟು ಹೆಚ್ಚಿನ ಒತ್ತಡ ಬೇಕು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಹಾಗಾಗಿ ಹೊರಗಾಳಿ ತೆಳು. ಮುಂಬೈಯಲ್ಲಿ 2.4ರ ಪ್ರೆಷರ್ ರೇಶಿಯೊ (ಟರ್ಬೊ ಗಾಳಿಯ ಒತ್ತಡವನ್ನು ಎಷ್ಟು ಪಟ್ಟು ಮಾಡಬೇಕು ಎಂಬುದು) ಸಾಕಾಗುವ ಕಡೆ ಇಲ್ಲಿ 2.5 ದಾಟುತ್ತದೆ. ಐಎಸ್20 ಅಲ್ಲಿ ಏದುಸಿರು ಬಿಡುತ್ತದೆ: ಗಾಳಿ ಹೆಚ್ಚುವುದಿಲ್ಲ, ಬಿಸಿ ಹೆಚ್ಚುತ್ತದೆ, ನಾಕ್ (ಇಂಧನ ತಾನಾಗಿಯೇ ಹೊತ್ತಿ ಸಿಡಿಯುವುದು) ಶುರುವಾಗಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಿಡಿಯ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಶಕ್ತಿ ಇಳಿಯುತ್ತದೆ. ಹಾಗಾಗಿ ಲೆಕ್ಕದ ಪ್ರಕಾರ ಐಎಸ್38. ಬೂಸ್ಟ್ ತಡವಾಗಿ ಬರುತ್ತದೆ, ಊರೊಳಗಿನ ಟ್ರಾಫಿಕ್‌ನಲ್ಲಿ ಗೊತ್ತಾಗುತ್ತದೆ.

ಆದರೆ ನಿಮ್ಮ ಏಳು ಗೇರಿನ ಡಿಕ್ಯು200 ಗೇರ್‌ಬಾಕ್ಸ್‌ನ ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಮಿತಿ 250 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). 300 ಪಿಎಸ್‌ಗೆ 6500ರಲ್ಲೂ 324 ಎನ್‌ಎಂ ಬೇಕು. 250 ಎನ್‌ಎಂ ಮೀರದೆ ಅಲ್ಲಿ ಸಿಗುವುದು 231 ಪಿಎಸ್ ಮಾತ್ರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗಾಗುತ್ತದೆ. ಕಾತ್ರಜ್ ಘಾಟಿಯಲ್ಲಿ ಮೂರನೇ ಗೇರಲ್ಲಿ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ, ಕೂಡಲೇ ಕಾಲು ತೆಗೆಯಿರಿ.

ನನ್ನ ಸಲಹೆ: ಗೇರ್‌ಬಾಕ್ಸ್ ಬದಲಿಸುವ ಬಜೆಟ್ ಇಲ್ಲದಿದ್ದರೆ ಈಗಿರುವ ಟರ್ಬೊದಲ್ಲೇ, ಟಾರ್ಕ್‌ಗೆ ಮಿತಿ ಹಾಕಿದ ಟ್ಯೂನ್ ಮಾಡಿಸಿ. ಇದ್ದರೆ ಗೇರ್‌ಬಾಕ್ಸ್ ಬದಲಿಸಿ, ಐಎಸ್38 ಜೊತೆಗೆ ಇಂಟರ್‌ಕೂಲರ್, ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಕೊಳವೆ), ಹೊಸ ಸ್ಪಾರ್ಕ್ ಪ್ಲಗ್ ಒಟ್ಟಿಗೇ ಹಾಕಿಸಿ. ಟ್ಯೂನರ್‌ನಿಂದ ಫ್ಯೂಯೆಲ್ ರೇಲ್ ಪ್ರೆಷರ್ ಲಾಗ್ (ಇಂಜೆಕ್ಟರ್‌ಗಳಿಗೆ ಹೋಗುವ ಪೆಟ್ರೋಲ್‌ನ ಒತ್ತಡದ ದಾಖಲೆ) ಕೇಳಿ ಪಡೆಯಿರಿ. ಹೆಚ್ಚಿನ ಆರ್‌ಪಿಎಂನಲ್ಲಿ ಆ ಒತ್ತಡ ಕುಸಿದರೆ ಬೂಸ್ಟ್ ಇಳಿಸಲೇಬೇಕು.