ಡಿಕ್ರಿ ಆಗಿದೆ, ಹಣ ಬಂದಿಲ್ಲ: ಕೋರ್ಟ್ ಕಚೇರಿಯಲ್ಲಿ ಏನು ಕೇಳಬೇಕು?

ಪ್ರಶ್ನೆ: ದಾವಣಗೆರೆ ಕೋರ್ಟಿನಲ್ಲಿ ನನಗೆ 4 ಲಕ್ಷ ರೂಪಾಯಿಗೆ ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟಿನ ಆದೇಶ) ಆಗಿ ಎರಡು ವರ್ಷವಾಯಿತು. ಸಾಲಗಾರರು ಹುಬ್ಬಳ್ಳಿ ಸೇರಿದ್ದಾರೆ, ಅಲ್ಲೇ ಮನೆ ಇದೆ. ಕೋರ್ಟ್ ಕಚೇರಿಗೆ ನಾಲ್ಕು ಸಲ ಹೋದೆ. ‘ವಕೀಲರನ್ನೇ ಕೇಳಿ’ ಅಂತಾರೆ. ಸಿಬ್ಬಂದಿಯಿಂದ ಕೆಲಸ ಮಾಡಿಸಿಕೊಳ್ಳುವುದು ಹೇಗೆ ಸರ್?

ಉತ್ತರ: ನಾಲ್ಕು ಸಲ ಅಲೆದಿದ್ದೀರಿ, ಬೇಸರ ಆಗುವುದು ಸಹಜ. ಆದರೆ ‘ನನ್ನ ಹಣ ಯಾವಾಗ ಬರುತ್ತೆ’ ಅಂದರೆ ಗುಮಾಸ್ತರ ಹತ್ತಿರ ಉತ್ತರ ಇರುವುದಿಲ್ಲ. ಅದು ನ್ಯಾಯಾಧೀಶರ ಆದೇಶದ ವಿಷಯ. ‘ನನ್ನ ಕಡತ ಈಗ ಯಾರ ಟೇಬಲ್ ಮೇಲಿದೆ’ ಅಂತ ಕೇಳಿ. ಅದಕ್ಕೆ ಅವರು ಉತ್ತರ ಕೊಡಬಲ್ಲರು. ಕೇಸ್ ನಂಬರು, ಪ್ರತಿ ಕೇಸಿಗೂ ಕೋರ್ಟು ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು, ಡಿಕ್ರಿ ತಾರೀಕು ಒಂದು ಚೀಟಿಯಲ್ಲಿ ಬರೆದು ಕೊಡಿ. ಕಲಾಪ ನಡೆಯುವಾಗ ನ್ಯಾಯಾಧೀಶರ ಮುಂದೆ ಕೂರುವ ಬೆಂಚ್ ಕ್ಲರ್ಕನ್ನು ಮಾತಾಡಿಸಬೇಡಿ.

ಹುಬ್ಬಳ್ಳಿಯ ಮನೆಯನ್ನು ದಾವಣಗೆರೆ ಕೋರ್ಟು ಜಪ್ತಿ ಮಾಡಲಾಗದು. ಡಿಕ್ರಿಯನ್ನು ಹುಬ್ಬಳ್ಳಿ ಕೋರ್ಟಿಗೆ ವರ್ಗಾಯಿಸಲು ದಾವಣಗೆರೆಯಲ್ಲೇ ಅರ್ಜಿ ಹಾಕಬೇಕು. ಆದೇಶವಾದರೆ ಡಿಕ್ರಿಯ ನಕಲು, ಹಣ ಇನ್ನೂ ವಸೂಲಾಗಿಲ್ಲ ಎಂಬ ಪ್ರಮಾಣಪತ್ರ ಹುಬ್ಬಳ್ಳಿಗೆ ಹೋಗುತ್ತವೆ. ಎಷ್ಟೋ ಕೇಸು ಕೂತುಬಿಡುವುದು ಇಲ್ಲೇ. ಆದೇಶ ಆಗಿರುತ್ತದೆ, ಕಾಗದ ಹೊರಟಿರುವುದಿಲ್ಲ. ಕೋರ್ಟ್ ಕಚೇರಿಯ ಮೇಲ್ವಿಚಾರಕರಾದ ಶಿರಸ್ತೇದಾರರ ಹತ್ತಿರ ರವಾನೆಯ ನಂಬರು, ತಾರೀಕು ಬರೆಸಿಕೊಳ್ಳಿ. ಅದನ್ನು ಹಿಡಿದು ಹುಬ್ಬಳ್ಳಿಯಲ್ಲಿ ವಿಚಾರಿಸಿ. ಕಾಗದ ಸೇರಿದ್ದರೆ ವಕೀಲರು ಅಲ್ಲಿ ಅಮಲ್ಜಾರಿ ಅರ್ಜಿ (ಡಿಕ್ರಿ ಜಾರಿ ಮಾಡಿಸುವ ಅರ್ಜಿ) ಹಾಕಬಹುದು. ಡಿಕ್ರಿಯಾಗಿ 12 ವರ್ಷದವರೆಗೆ ಅವಕಾಶ ಇದೆ ನಿಜ, ಆದರೆ ಅಷ್ಟರೊಳಗೆ ಮನೆ ಕೈ ಬದಲಾದರೆ ಏನು ಮಾಡ್ತೀರಿ?

ಅರ್ಜಿ ಹಾಕುವಾಗ ಮನೆಯ ಆಸ್ತಿ ನಂಬರು, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಸರಿಯಾಗಿರಲಿ. ಪೂರ್ವಕ್ಕೆ ರಸ್ತೆ ಇದ್ದು ಪಶ್ಚಿಮಕ್ಕೆ ಅಂತ ಬರೆದಿದ್ದರೆ ಕಚೇರಿ ಆಕ್ಷೇಪಣೆ ಹಾಕಬಹುದು. ಹಾಕಿದರೆ ಜಗಳ ಬೇಡ. ಏನೇನು ಕೊರತೆ ಅಂತ ಒಂದೇ ಸಲ ಎಲ್ಲ ಬರೆದುಕೊಂಡು ಬನ್ನಿ.

ನೋಟಿಸು, ವಾರಂಟು ಕಳಿಸಲು ಕೋರ್ಟಿಗೆ ಕಟ್ಟುವ ಪ್ರೋಸೆಸ್ ಫೀ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಅದರ ಮೇಲೆ ಚಹಾ ಖರ್ಚು ಅಂತ ಯಾರಾದರೂ ಕೇಳಿದರೆ ಕೊಡಲೇಬೇಡಿ, ವಕೀಲರಿಗೆ ಹೇಳಿ. ಅಮಲ್ಜಾರಿ ಅರ್ಜಿ 6 ತಿಂಗಳೊಳಗೆ ಮುಗಿಯಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ವಕೀಲರು ನ್ಯಾಯಾಧೀಶರ ಮುಂದೆ ಹೇಳಬೇಕು, ಗುಮಾಸ್ತರ ಮೇಲೆ ರೇಗಿ ಪ್ರಯೋಜನ ಇಲ್ಲ.

ಜಪ್ತಿಗೆ ಬೇಲೀಫ್ (ವಾರಂಟು ಜಾರಿ ಮಾಡುವ ಕೋರ್ಟ್ ಸಿಬ್ಬಂದಿ) ಹೊರಟ ದಿನ ನೀವೂ ಜೊತೆಗೆ ಹೋಗಿ ಮನೆ ತೋರಿಸಿ. ಇಲ್ಲದಿದ್ದರೆ ‘ವಿಳಾಸ ಸಿಗಲಿಲ್ಲ’ ಅಂತ ವಾರಂಟು ವಾಪಸ್ ಬಂದರೆ ಮತ್ತೆ ಫೀ ಕಟ್ಟಿ ಮೊದಲಿಂದ ಶುರು ಮಾಡಬೇಕಾಗುತ್ತದೆ.