ಒಳ್ಳೆ ದಿನ ಬಂದಾಗಲೇ ಹುಷಾರು

(ಹೆಸರು, ವಯಸ್ಸು, ಏರಿಯಾ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಲಲಿತಾ ಅವರಿಗೆ 51 ವರ್ಷ. ಹನುಮಂತನಗರದಲ್ಲಿ ಮನೆಯ ಮುಂದಿನ ರೂಮಿನಲ್ಲೇ ಬ್ಲೌಸ್ ಹೊಲಿಯುತ್ತಾರೆ. ಹೋದ ಮಳೆಗಾಲದಲ್ಲಿ ಮೈಸೂರು ರಸ್ತೆಯಲ್ಲಿ ನಿಂತ ನೀರಿನಲ್ಲಿ ಗುಂಡಿ ಕಾಣದೆ ಗಂಡನ ಸ್ಕೂಟರ್ ಮಗುಚಿತು. ಬೀಳುವಾಗ ಇವರು ಬಲಗೈ ಊರಿದರು. ಮೂಳೆ ಮುರಿಯಲಿಲ್ಲ. ಭುಜ ಎತ್ತುವ ಸ್ನಾಯುವಿನ ತುದಿ ಸ್ವಲ್ಪ ಹರಿದಿದೆ, ಆಪರೇಷನ್ ಬೇಡ, ಫಿಸಿಯೋಥೆರಪಿ ಮಾಡಿಸಿ ಎಂದರು ಡಾಕ್ಟರ್. ಇವರು ನೋವಿಗೆ ಹೆದರಿ ಕೈ ಆಡಿಸುವುದನ್ನೇ ಬಿಟ್ಟರು. ಜೊತೆಗೆ ಶುಗರ್ ಬೇರೆ. ಶುಗರ್ ಇದ್ದವರಿಗೆ ಭುಜ ಬಿಗಿದುಕೊಳ್ಳುವುದು ಜಾಸ್ತಿ. ಕೆಲವೇ ತಿಂಗಳಲ್ಲಿ ಅದು ಫ್ರೋಜನ್ ಶೋಲ್ಡರ್ ಆಗಿತ್ತು.

ಕೌನ್ಸೆಲಿಂಗ್‌ಗೆಂದು ನನ್ನ ಹತ್ತಿರ ಕಳಿಸಿದ್ದು ಅವರ ಫಿಸಿಯೋಥೆರಪಿಸ್ಟ್. ಬಂದವರು ಕೂರುವ ಮೊದಲೇ ಹೇಳಿದರು: "ನನಗೇನೂ ತಲೆ ಕೆಟ್ಟಿಲ್ಲ ಮೇಡಂ, ನೋಯ್ತಿರೋದು ಭುಜ." ಸರಿ, ಭುಜದ ಬಗ್ಗೆಯೇ ಮಾತಾಡೋಣ ಎಂದೆ.

ಹಗಲು ಹೇಗೋ ಕಳೆಯುತ್ತದೆ, ರಾತ್ರಿ ಆಗುವುದಿಲ್ಲ. ಮಗ್ಗುಲು ಬದಲಿಸಿದರೆ ಎಚ್ಚರ. ತುರುಬು ಕಟ್ಟಲು ಕೈ ಹಿಂದೆ ಹೋಗುವುದಿಲ್ಲ. "ಏರಿಯಾಗೆಲ್ಲ ಬ್ಲೌಸ್ ಹೊಲಿದುಕೊಡ್ತೀನಿ, ನನ್ನ ಬ್ಲೌಸ್ ತೋಳಲ್ಲಿ ಕೈ ತೂರಿಸೋಕೆ ಆಗಲ್ಲ" ಎಂದು ನಕ್ಕರು, ನಗುತ್ತಲೇ ಅತ್ತರು. ದಿನವಿಡೀ ನೈಟಿಯಲ್ಲೇ ಇರುತ್ತಾರೆ. ಹಾಗಾಗಿ ಮದುವೆ, ನಾಮಕರಣ ಯಾವುದಕ್ಕೂ ಹೋಗುತ್ತಿಲ್ಲ. ಅತ್ತೆಯ ಮಾತು ಒಂದು ಕಡೆ: "ಮಿಷನ್ ತುಳಿಯೋಕೆ ಆಗತ್ತೆ, ಪಾತ್ರೆ ತೊಳೆಯೋಕೆ ಆಗಲ್ವಾ?"

ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುತ್ತದೆ ಎಂದಾಗ ನಾನು ನೇರವಾಗಿಯೇ ಕೇಳಿದೆ, ಸಾಯುವ ಯೋಚನೆ ಬಂದಿದೆಯಾ ಅಂತ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಅವರು ಇಲ್ಲ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ರಾತ್ರಿ ಮಲಗುವ ಮುಂಚೆ ಒಂದು ಸಾಲು ಬರೆಯಿರಿ ಎಂದಿದ್ದೆ: ಇವತ್ತು ನೋವೆಷ್ಟು, ಮಾಡಿದ್ದೇನು. ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲೇ ಬರೆದು ತಂದರು. ನೋವು ಕಡಿಮೆ ಇದ್ದ ದಿನ ಬಾಕಿ ಬ್ಲೌಸೆಲ್ಲ ಕಟಿಂಗ್ ಮಾಡಿದ್ದಾರೆ, ಅಟ್ಟದ ಡಬ್ಬ ಇಳಿಸಿದ್ದಾರೆ, ಸಾಲದ್ದಕ್ಕೆ ಬೆಡ್‌ಶೀಟ್ ಒಗೆದಿದ್ದಾರೆ. ಮಾರನೇ ದಿನ ಮಾತ್ರೆ, ಹಾಸಿಗೆ. ಅದರ ಮಾರನೇ ದಿನ ವ್ಯಾಯಾಮಕ್ಕೂ ರಜೆ. ಮತ್ತೆ ಸ್ವಲ್ಪ ಹಗುರಾದರೆ ಅದೇ ಕಥೆ. ಅವರ ಭುಜವನ್ನು ಹಾಳು ಮಾಡುತ್ತಿದ್ದದ್ದು ಒಳ್ಳೆಯ ದಿನಗಳೇ. ಅತ್ತೆ ನೋಡುತ್ತಿದ್ದದ್ದೂ ಅದೇ ದಿನಗಳನ್ನು. ಅವರಿಗೆ ಸಂಶಯ ಬಂದದ್ದು ಸಹಜ ಅಲ್ವಾ?

ಹಾಗಾಗಿ ಸಲಹೆಯೆಲ್ಲ ಒಳ್ಳೆಯ ದಿನದ ಸುತ್ತಲೇ ಇತ್ತು. ಕೆಲಸಕ್ಕೆ ಕೂತರೆ ಫೋನಿನಲ್ಲಿ 20 ನಿಮಿಷದ ಅಲಾರಾಂ. ಹೊಡೆದ ತಕ್ಷಣ ಏಳಬೇಕು, ನೋವಿಲ್ಲದಿದ್ದರೂ. ನೋವು ಬಂದ ಮೇಲೆ ನಿಲ್ಲಿಸುವುದು ತಡವಾಯಿತು ಅಂತಲೇ ಲೆಕ್ಕ. ಕೈ ಚಾಚಿ ಮಾಡುವ ಕಟಿಂಗ್ ಸದ್ಯಕ್ಕೆ ಪಕ್ಕದ ಬೀದಿಯ ಹುಡುಗಿಗೆ. ಮೊಣಕೈ ಮೈಗೆ ಹತ್ತಿರ ಇಟ್ಟು ಮಾಡುವ ಹೆಮ್ಮಿಂಗ್, ಹುಕ್ಸ್, ಕುಚ್ಚು ಇವರಿಗೆ. ಕೆಟ್ಟ ದಿನವೂ ಫಿಸಿಯೋ ಹೇಳಿಕೊಟ್ಟದ್ದನ್ನು ಪೂರ್ತಿ ಬಿಡುವಂತಿಲ್ಲ. ಅರ್ಧ ಮಾಡಿದರೂ ಆಯಿತು, ಬಿಸಿನೀರಿನ ಸ್ನಾನ ಆದ ಮೇಲೆ ಮಾಡಿದರೆ ಸಲೀಸು. ಬಟ್ಟೆ ಹಾಕುವಾಗ ನೋವಿನ ಕೈ ಮೊದಲು, ತೆಗೆಯುವಾಗ ಕೊನೆಗೆ. ಎಡ ಮಗ್ಗುಲಿಗೆ ಮಲಗಿ ಬಲಗೈ ಕೆಳಗೆ ದಿಂಬು. ಯಾರೋ ಹೇಳಿದರೆಂದು ಭುಜ ಎಳೆಸಿಕೊಳ್ಳಲು ಹೋಗಬೇಡಿ, ಶುಗರ್ ಮಾತ್ರೆ ತಪ್ಪಿಸಬೇಡಿ ಎಂದೂ ಹೇಳಿದೆ. ಬೆರಳು ಜೋಮು ಹಿಡಿದರೆ ಅಥವಾ ಕೈ ಇದ್ದಕ್ಕಿದ್ದಂತೆ ಬಲ ಕಳೆದುಕೊಂಡರೆ ಅಲಾರಾಂ, ದಿಂಬು ಎಲ್ಲ ಬಿಟ್ಟು ಡಾಕ್ಟರ ಹತ್ತಿರ ಓಡಬೇಕು.

ಕಷ್ಟವಾದದ್ದು ಮನೆಯ ಮಾತು. "ನೋಯ್ತಿದೆ" ಅಂದರೆ ಕೇಳಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಕುಕ್ಕರ್ ಇಳಿಸೋಕೆ ಆಗಲ್ಲ, ತರಕಾರಿ ಹೆಚ್ಚಿಕೊಡ್ತೀನಿ" ಅಂದರೆ ತಿಳಿಯುತ್ತದೆ. ಇದನ್ನು ನನ್ನ ರೂಮಿನಲ್ಲೇ ಗಂಡನ ಎದುರು ಹೇಳಿ ಅಭ್ಯಾಸ ಮಾಡಿದರು. ತಲೆ ಬಾಚಿಕೊಡಿ ಎಂದು ಅತ್ತೆಯನ್ನು ಕೇಳಲು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಒಂದು ದಿನ ಅವರಾಗಿಯೇ ಕೇಳಿದರಂತೆ. ಅತ್ತೆ ಬಾಚಿದರು, ಗೊಣಗುತ್ತಲೇ.

ಗಂಡ ಪ್ರತಿ ಸಲ ಕೇಳುತ್ತಿದ್ದದ್ದು ಒಂದೇ: "ಇನ್ನೆಷ್ಟು ದಿನ ಮೇಡಂ?" ಭುಜ ಹೀಗೆ ಬಿಗಿದರೆ ಸಡಿಲವಾಗಲು ಒಂದರಿಂದ ಮೂರು ವರ್ಷವೂ ಹಿಡಿಯಬಹುದು. ಅದನ್ನು ಮುಚ್ಚಿಡದೆ ಹೇಳಿದೆ. ಸುಮ್ನೆ ಧೈರ್ಯ ತುಂಬಲು "ಹಬ್ಬದ ಹೊತ್ತಿಗೆ ಸರಿಹೋಗುತ್ತೆ" ಅಂದುಬಿಟ್ಟರೆ ಹಬ್ಬ ಮುಗಿದ ಮೇಲೆ ಅವರ ಕಥೆ ಏನು?

ಆಷಾಢದಲ್ಲಿ ಆರ್ಡರ್ ಕಡಿಮೆ, ಆಗ ಫಿಸಿಯೋ ಜಾಸ್ತಿ ಮಾಡಿಸಿದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಆರ್ಡರ್ ಅರ್ಧಕ್ಕೆ ಇಳಿಸಿದರು. ಇಬ್ಬರು ಹಳೇ ಗಿರಾಕಿಗಳು ಮುನಿಸಿಕೊಂಡು ಬೇರೆ ಕಡೆ ಹೋದರು. ಈಗ ಕೈ ಕಿವಿಯವರೆಗೆ ಬರುತ್ತದೆ, ಬೆನ್ನ ಹಿಂದಕ್ಕೆ ಇನ್ನೂ ಇಲ್ಲ. ರಾತ್ರಿ ನಿದ್ದೆ ಒಂದು ಸಲ ಮಾತ್ರ ಮುರಿಯುತ್ತದೆ. ಕಟಿಂಗ್ ವಾಪಸ್ ತಗೊಳ್ಳಲಾ ಎಂದು ಮೊನ್ನೆ ಕೇಳಿದರು. ಫಿಸಿಯೋ ಒಪ್ಪಿದರೆ ದಿನಕ್ಕೆ ಒಂದೇ ಬ್ಲೌಸ್, ಅದೂ ಅಲಾರಾಂ ಇಟ್ಟುಕೊಂಡು ಎಂದಿದ್ದೇನೆ.