ಹಳ್ಳಿಯ ಸಮುದಾಯ ಭವನವನ್ನು ಕಡಿಮೆ ಖರ್ಚಿನಲ್ಲಿ ಬೆಚ್ಚಗಿಡುವುದು ಹೇಗೆ?

ದೊಡ್ಡಬಳ್ಳಾಪುರದ ಕಡೆಯ ನಿಮ್ಮೂರಿನ ಸಮುದಾಯ ಭವನ ಡಿಸೆಂಬರ್ ಬಂದರೆ ಕೊರೆಯುತ್ತದೆ, ಸಂಜೆ ಪಾಠಕ್ಕೆ ಬರುವ ಮಕ್ಕಳು, ಬೆಳಗಿನ ಜಾವ ಭಜನೆಗೆ ಬರುವ ಹಿರಿಯರು ನಡುಗುತ್ತಾರೆ, ಕರೆಂಟ್ ಬಿಲ್ಲು ನೋಡಿದರೆ ಮೈ ಬಿಸಿಯಾಗುತ್ತದೆ ಅಂತ ಬರೆದಿದ್ದೀರಿ. ಎರಡು ರೂಮ್ ಹೀಟರ್ ತರೋಣವೇ, ಸೋಲಾರ್ ಹಾಕಿಸೋಣವೇ ಎಂಬುದು ನಿಮ್ಮ ಪ್ರಶ್ನೆ. ಹೀಟರ್ ಬೇಡ. ಸೋಲಾರ್ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದರಲ್ಲಿ ನಾವೇ ಪೆಟ್ಟು ತಿಂದಿದ್ದೇವೆ.

ನಾನಿರುವುದು ರಾಜಾಜಿನಗರದಲ್ಲಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಂಡು ನಿವೃತ್ತನಾದವನು. ಹುಟ್ಟೂರು ಹೆಸರಘಟ್ಟದ ಆಚೆ. ಅಲ್ಲಿನ ಭವನದ ಕರೆಂಟು, ನೀರಿನ ಉಸಾಬರಿಯನ್ನು "ನಿಂಗೆಲ್ಲಾ ಗೊತ್ತಲ್ಲಪ್ಪಾ" ಅಂತ ನನ್ನ ತಲೆಗೆ ಕಟ್ಟಿ ಏಳೆಂಟು ವರ್ಷವಾಯಿತು.

ಹೀಟರ್ ಯಾಕೆ ಬೇಡ ಎಂದರೆ, 60 ಅಡಿ ಉದ್ದ, 40 ಅಡಿ ಅಗಲ, 15 ಅಡಿ ಎತ್ತರದ ಹಾಲ್ ಎಂದುಕೊಳ್ಳಿ. ಗೋಡೆ ಮತ್ತು ಚಾವಣಿಯ ಶೀಟಿನ ನಡುವಿನ ಸಂದು, ವೆಂಟಿಲೇಟರ್, ಮುಚ್ಚದ ಬಾಗಿಲು ಎಲ್ಲಾ ಸೇರಿ ಒಳಗಿನ ಗಾಳಿ ಗಂಟೆಗೆ ಐದು ಸಲ ಬದಲಾಯಿತು ಅಂದರೂ, ಅದನ್ನು 10 ಡಿಗ್ರಿ ಬೆಚ್ಚಗೆ ಇಟ್ಟುಕೊಳ್ಳಲು ಗಂಟೆಗೆ ಸುಮಾರು 15 ಯೂನಿಟ್ ಬೇಕು. ನೀವು ತರುವ 2000 ವ್ಯಾಟಿನ ಎರಡು ಹೀಟರ್ ಕೊಡುವುದು ಗಂಟೆಗೆ 4 ಯೂನಿಟ್. ಆ ಬಿಸಿಯೂ ಮೇಲೇರಿ ಶೀಟಿನ ಕೆಳಗಿನ ಪಾರಿವಾಳಗಳಿಗೆ ಸಿಗುತ್ತದೆ, ಕೆಳಗೆ ಕೂತ ಅಜ್ಜಿಗಲ್ಲ.

ನಮ್ಮ ಚಳಿಯೂ ಅಂಥಾದ್ದೇನಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಸಾಮಾನ್ಯವಾಗಿ ಡಿಸೆಂಬರ್, ಜನವರಿಯ ಬೆಳಗಿನ ಜಾವ 15ರ ಆಸುಪಾಸು ಇರುತ್ತದೆ. ಇದಕ್ಕೆ ಗಾಳಿ ಕಾಯಿಸಬೇಕಿಲ್ಲ, ಮೈಯ ಬಿಸಿ ಹೋಗದ ಹಾಗೆ ನೋಡಿಕೊಂಡರೆ ಸಾಕು. ಕೂತ ಒಬ್ಬ ಮನುಷ್ಯನ ಮೈಯಿಂದ ಹೆಚ್ಚುಕಡಿಮೆ 100 ವ್ಯಾಟ್ ಬಿಸಿ ಹೊರಬರುತ್ತದೆ. ಇಪ್ಪತ್ತು ಜನ ಅಂದರೆ ಒಂದು ಹೀಟರ್ ಆಯಿತು, ಪುಕ್ಕಟೆ! ಹಾಗಾಗಿ ಪಾಠ, ಭಜನೆ ಎರಡನ್ನೂ ನಾವು ದೊಡ್ಡ ಹಾಲಿನಿಂದ ಹೆಣ್ಣಿನವರ ಕೋಣೆಗೆ ಬದಲಾಯಿಸಿದೆವು. ಮದುವೆ ಇಲ್ಲದ ದಿನ ಅದು ಖಾಲಿಯೇ ಅಲ್ವಾ? ನೆಲಕ್ಕೆ ಮಂದವಾದ ಫೋಮ್ ಮ್ಯಾಟು, ಅದರ ಮೇಲೆ ಜಮಖಾನ. ಗ್ರಾನೈಟ್ ನೆಲ ಕಾಲಿನಿಂದ ಬಿಸಿ ಎಳೆದುಕೊಳ್ಳುವಷ್ಟು ಗಾಳಿಯೂ ಎಳೆಯುವುದಿಲ್ಲ.

ದೊಡ್ಡ ಹಾಲಿನಲ್ಲೇ ಕೂರಬೇಕಾದರೆ ಮೂಡಣ ದಿಕ್ಕಿನ ಸಂದುಗಳನ್ನು ಮಾತ್ರ ಮುಚ್ಚಿಸಿ. ಚಳಿಗಾಲದ ಗಾಳಿ ಬರುವುದು ಆ ಕಡೆಯಿಂದ. ಎಲ್ಲಾ ಮುಚ್ಚಬೇಡಿ. ಮತ್ತೆ, ಯಾರಾದರೂ ಬಾಣಲೆಯಲ್ಲಿ ಇದ್ದಿಲ ಕೆಂಡ ತಂದು ಒಳಗಿಡೋಣ ಅಂದರೆ ಖಂಡಿತ ಒಪ್ಪಬೇಡಿ. ಮುಚ್ಚಿದ ಕೋಣೆಯಲ್ಲಿ ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ.

ದುಡ್ಡಿದ್ದರೆ ಶೀಟಿನ ಕೆಳಗೆ ಫಾಲ್ಸ್ ಸೀಲಿಂಗ್ ಮಾಡಿಸಿ. ಬೆಳಗ್ಗೆ ಶೀಟಿನಿಂದ ತಲೆ ಮೇಲೆ ಹನಿ ಬೀಳುವುದು ತಪ್ಪುತ್ತದೆ, ಏಪ್ರಿಲ್ ಬಿಸಿಲಿಗೂ ಆಗುತ್ತದೆ.

ಈಗ ಬಿಲ್ಲಿನ ವಿಷಯ. ನಿಜವಾದ ಗಂಟು ಇಲ್ಲಿದೆ, ಸ್ನಾನದ ಬಿಸಿನೀರಿನಲ್ಲಿ.

ಚಳಿ ಜೋರಾಗಿರುವ ಧನುರ್ಮಾಸದಲ್ಲಿ ಮದುವೆಯೇ ಇರುವುದಿಲ್ಲ. ಅಯ್ಯಪ್ಪನ ಮಾಲೆ ಹಾಕಿದವರು ಭವನದಲ್ಲಿ ಉಳಿದರೂ ಅವರದ್ದು ತಣ್ಣೀರ ಸ್ನಾನ. ಬಿಸಿನೀರು ಬೇಕಾಗುವುದು ಮುಹೂರ್ತದ ದಿನಗಳಲ್ಲಿ, ಬೆಳಗ್ಗೆ ನಾಲ್ಕರಿಂದ ಆರರೊಳಗೆ, ಎಲ್ಲರಿಗೂ ಒಟ್ಟಿಗೆ. ಒಬ್ಬರಿಗೆ 15 ಲೀಟರಿನ ಒಂದು ಬಕೆಟ್ ಹದವಾದ ನೀರು ಎಂದರೆ 60 ಜನಕ್ಕೆ 20 ಯೂನಿಟ್ ಸಾಕು. ಅದೇನು ದೊಡ್ಡದಲ್ಲ. ದೊಡ್ಡದು ಲೋಡು, ಅಂದರೆ ಎಲ್ಲಾ ಒಟ್ಟಿಗೆ ಉರಿದಾಗ ಎಳೆಯುವ ಕರೆಂಟು. 2000 ವ್ಯಾಟಿನ ಆರು ಗೀಸರ್ ಒಟ್ಟಿಗೆ ಉರಿದರೆ 12 ಕಿಲೋವ್ಯಾಟ್. ಅದಕ್ಕೆ ತಕ್ಕ ಲೋಡ್ ಮಂಜೂರು ಮಾಡಿಸಿಕೊಂಡಿರುತ್ತೀರಿ. ಬೆಸ್ಕಾಂ ಫಿಕ್ಸೆಡ್ ಚಾರ್ಜ್ ಬರುವುದು ಆ ಲೋಡಿನ ಪ್ರತಿ ಕಿಲೋವ್ಯಾಟಿನ ಮೇಲೆ, ಪ್ರತಿ ತಿಂಗಳು. ಆಷಾಢದಲ್ಲಿ ಭವನಕ್ಕೆ ಬೀಗ ಹಾಕಿದ್ದರೂ ಅದು ತಪ್ಪುವುದಿಲ್ಲ. ಬೆರಳೆಣಿಕೆಯ ಮುಂಜಾವುಗಳಿಗಾಗಿ ವರ್ಷವಿಡೀ ಕಟ್ಟುವ ದುಡ್ಡು ಅದು.

ನಾವು ಮೊದಲು ಮಾಡಿದ್ದು ತಪ್ಪು. 500 ಲೀಟರಿನ ಸೋಲಾರ್ ವಾಟರ್ ಹೀಟರ್ ಹಾಕಿಸಿದೆವು, ಗಾಜಿನ ಟ್ಯೂಬಿನದು. ದಿನಾ ನೀರು ಬಳಸುವ ಮನೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಬೆಂಗಳೂರಿನ ತಾರಸಿಗಳನ್ನು ನೋಡಿದರೇ ಗೊತ್ತಾಗುತ್ತದೆ. ಭವನದಲ್ಲಿ ವಾರಗಟ್ಟಲೆ ಯಾರೂ ನಲ್ಲಿ ತಿರುಗಿಸುವುದಿಲ್ಲ. ನೀರು ಕುದಿದು ಆವಿಯಾಯಿತು, ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಒಳಗೆಲ್ಲಾ ಕಟ್ಟಿತು. ಒಂದು ಮಧ್ಯಾಹ್ನ ಖಾಲಿಯಾಗಿ ಕಾದಿದ್ದ ಟ್ಯೂಬಿಗೆ ನಾನೇ ತಣ್ಣೀರು ಬಿಟ್ಟೆ. ನಾಲ್ಕು ಟ್ಯೂಬು ಪಟಪಟ ಒಡೆದವು. ಹಾಕಿದವರು ಇದನ್ನು ಹೇಳಿರಲಿಲ್ಲ. ಎಲೆಕ್ಟ್ರಿಕಲ್‌ನಲ್ಲಿ ಜೀವನ ಸವೆಸಿದ ನನಗೂ ಹೊಳೆಯಲಿಲ್ಲ ಅನ್ನಿ.

ಕೊನೆಗೆ ಮರಳಿದ್ದು ಹಂಡೆಗೆ, ಆದರೆ ಹಳೇ ಒಲೆಗಲ್ಲ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಬಿಸಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಸುಮ್ನೆ ಗಾಳಿಗೆ ಹೋಗುತ್ತದೆ. ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಉರಿಯ ಕೆಳಗೆ ಕಬ್ಬಿಣದ ಜಾಲರಿ, ಅದರಡಿಯಿಂದ ಗಾಳಿ, ಪಾತ್ರೆ ಒಲೆಯೊಳಗೆ ಇಳಿದು ಕೂರುವಂಥ ಗುಂಡಿ, ಹೊಗೆಗೆ ಚಿಮಣಿ. ಇದೇ ತತ್ವದ ಮೇಲೆ ಗಾರೆಯವರಿಂದ ಎರಡು ಹಂಡೆ ಒಲೆ ಕಟ್ಟಿಸಿದೆವು. ನೆನಪಿಡಿ, ಹಂಡೆಗೂ ಒಲೆಯ ಗೋಡೆಗೂ ನಡುವಿನ ಸಂದು ಎರಡು ಬೆರಳಿಗಿಂತ ಜಾಸ್ತಿ ಬೇಡ. ಬಿಸಿ ಹೊಗೆ ಹಂಡೆಯ ಮೈ ಸವರಿಕೊಂಡೇ ಚಿಮಣಿಗೆ ಹೋಗಬೇಕು. ಮೊದಲ ಸಲ ಗಾರೆಯವರು ಮೊಣಕೈ ಹೋಗುವಷ್ಟು ಜಾಗ ಬಿಟ್ಟಿದ್ದರು, ಒಡೆಸಿ ಮತ್ತೆ ಕಟ್ಟಿಸಿದೆ.

ಉರಿಗೆ ಮರ ಕಡಿಯಬೇಕಿಲ್ಲ. ತೆಂಗಿನ ಮಟ್ಟೆ, ಚಿಪ್ಪು ಸಾಕು. ನಿಮ್ಮ ಕಡೆ ರೇಷ್ಮೆ ಇದೆ, ಹುಳ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಚೆನ್ನಾಗಿ ಒಣಗಿಸಿಟ್ಟರೆ ಸೊಗಸಾಗಿ ಉರಿಯುತ್ತದೆ.

ಈಗ ವಯಸ್ಸಾದವರ ಬಚ್ಚಲಿಗೆ ಎರಡು ಗೀಸರ್ ಉಳಿಸಿಕೊಂಡಿದ್ದೇವೆ, ನಾಲ್ಕು ಕಿತ್ತು ಲೋಡ್ ಇಳಿಸಿಕೊಳ್ಳಲು ಅರ್ಜಿ ಕೊಟ್ಟೆವು. ಫ್ಯಾನು ಕೆಟ್ಟಾಗ ಅದರ ಜಾಗಕ್ಕೆ ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಮೋಟರಿನ ಫ್ಯಾನು ಹಾಕುತ್ತಾ ಬನ್ನಿ, 75 ವ್ಯಾಟಿನ ಕೆಲಸ 30ರಲ್ಲಿ ಆಗುತ್ತದೆ. ಚೆನ್ನಾಗಿ ಓಡುತ್ತಿರುವುದನ್ನು ಕೀಳಬೇಡಿ.

ಸೋಲಾರ್ ಬೇಕೇ ಬೇಕು ಅಂದರೆ ನೀರು ಕಾಯಿಸುವುದಲ್ಲ, ಕರೆಂಟ್ ಮಾಡುವ ಪ್ಯಾನೆಲ್ ಹಾಕಿಸಿ, ನೀವು ಬೆಸ್ಕಾಂಗೆ ಕೊಟ್ಟ ಕರೆಂಟನ್ನು ಬಳಸಿದ್ದರಲ್ಲಿ ಕಳೆಯುವ ನೆಟ್ ಮೀಟರ್ ಜೊತೆಗೆ. ಭವನಕ್ಕೆ ಬೀಗ ಹಾಕಿದ್ದ ದಿನವೂ 1 ಕಿಲೋವ್ಯಾಟಿಗೆ ಸರಾಸರಿ 4 ಯೂನಿಟ್ ಬಂದು ಲೆಕ್ಕಕ್ಕೆ ಸೇರುತ್ತದೆ. ಒಂದು ಮಾತು: ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ. ಧಾರೆ ಹೊತ್ತಿಗೆ ಜನರೇಟರ್ ಬೇಕೇ ಬೇಕು.

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತದೆ. ಅದನ್ನೂ, ಗೀಸರ್ ಎಷ್ಟಿವೆ ಎಂಬುದನ್ನೂ ಬರೆಯಿರಿ. ಎಷ್ಟಕ್ಕೆ ಇಳಿಸಬಹುದು ಅಂತ ಲೆಕ್ಕ ಹಾಕಿ ಹೇಳುತ್ತೇನೆ.